ಹದಿಮೂರು ಸಾವಿರ ಫೈಲು, ಒಂದು ಭತ್ತದ ವೆಬ್‌ಸೈಟು: ಅಪ್‌ಲೋಡ್ ವೇಗದ ಪ್ರಕರಣ

ಸಾಗರದ ಹತ್ತಿರ ನಾಟಿ ಭತ್ತದ ಬೀಜ ಉಳಿಸುವ ಒಂದು ಗುಂಪಿದೆ. ರಾಜಮುಡಿ, ರತ್ನಚೂಡಿ, ಗಂಧಸಾಲೆ ಇಂಥ ತಳಿಗಳನ್ನು ವರ್ಷವರ್ಷವೂ ಬೆಳೆದು, ಬೀಜ ಕಟ್ಟಿಟ್ಟು, ಕೇಳಿದವರಿಗೆ ಹಂಚುತ್ತಾರೆ. ಪ್ರತಿ ತಳಿಗೂ ಪೈರಿನ ಫೋಟೋ, ತೆನೆಯ ಫೋಟೋ, ಕಾಳಿನದು, ಅಕ್ಕಿಯದು ಬೇರೆ ಬೇರೆ. ಒಟ್ಟು 1,300 ಫೋಟೋ. ಅವರ ವೆಬ್‌ಸೈಟ್ ನೋಡಿಕೊಳ್ಳುವುದು ನಾನು.

ಕಳೆದ ಮಳೆಗಾಲದಲ್ಲಿ ಆ ವೆಬ್‌ಸೈಟನ್ನು ಹೊಸದಾಗಿ ಕಟ್ಟಿದೆವು. ಫೋಟೋಗಳನ್ನೆಲ್ಲ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ನನ್ನ ಲ್ಯಾಪ್‌ಟಾಪಿನಲ್ಲೇ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಹಾಕಿಕೊಂಡು ಎಲ್ಲ ಸಿದ್ಧ ಮಾಡಿದ್ದೆ. ಸರ್ವರಿಗೆ ಏರಿಸುವುದೊಂದೇ ಬಾಕಿ. ಗಾತ್ರ ಹೆಚ್ಚುಕಡಿಮೆ 1 ಜಿಬಿ. ನಮ್ಮ ಮನೆಯ ಫೈಬರ್ ಸಂಪರ್ಕದ ಅಪ್‌ಲೋಡ್ ವೇಗ 20 ಎಂಬಿಪಿಎಸ್, ಅಂದರೆ ಎಂಟು ಬಿಟ್ಟಿಗೆ ಒಂದು ಬೈಟಿನ ಲೆಕ್ಕದಲ್ಲಿ ಸೆಕೆಂಡಿಗೆ ಎರಡೂವರೆ ಎಂಬಿ. ಹಾಗೆ ನೋಡಿದರೆ ಏಳು ನಿಮಿಷದ ಕೆಲಸ.

ರಾತ್ರಿ ಊಟ ಮುಗಿಸಿ, ಸರ್ವರಿಗೆ ಫೈಲು ಏರಿಸುವ ಫೈಲ್‌ಜಿಲ್ಲಾ ಎಂಬ ಸಾಫ್ಟ್‌ವೇರ್ ತೆರೆದು ಇಡೀ ಫೋಲ್ಡರನ್ನು ಎಳೆದು ಬಿಟ್ಟೆ. ಗುಂಪಿನ ಹಿರಿಯಕ್ಕ ತಮ್ಮ ಮನೆಯಿಂದ ಫೋನಿನಲ್ಲಿ ಕಾಯುತ್ತಿದ್ದರು. ಒಂದು ಗಂಟೆಯಾಯಿತು, ಎರಡಾಯಿತು. ಕೆಳಗಿನ ಸಾಲಿನಲ್ಲಿ ಬಾಕಿ ಇರುವ ಫೈಲುಗಳ ಸಂಖ್ಯೆ ಇನ್ನೂ ಸಾವಿರಗಳಲ್ಲೇ ಇತ್ತು. "ತಮ್ಮಾ, ಇದು ಯಾವಾಗ ಮುಗಿಯುತ್ತೆ?" ಅಂತ ಅಕ್ಕ ಮತ್ತೆ ಕೇಳುವಷ್ಟರಲ್ಲಿ ಕರೆಂಟು ಹೋಯಿತು. ಮೋಡೆಮ್ ಆರಿತು. ಮಲೆನಾಡಿನ ಮಳೆಗಾಲದ ರಾತ್ರಿ ಹೋದ ಕರೆಂಟು ಬೆಳಗಿನ ತನಕ ಬರಲಿಲ್ಲ.

ಬೆಳಿಗ್ಗೆ ಸೈಟು ತೆರೆದರೆ ಬಿಳಿ ಪುಟ. ಹುಡುಕಿದಾಗ ಸಿಕ್ಕಿದ್ದು ಸೈಟು ನಡೆಸುವ ಕೋಡಿನ ಒಂದು ಪಿಎಚ್‌ಪಿ ಫೈಲು. ಹೆಸರು ಸರಿಯಾಗಿದೆ, ಜಾಗ ಸರಿಯಾಗಿದೆ, ಗಾತ್ರ ಮಾತ್ರ ಸೊನ್ನೆ. ಅದು ಏರುತ್ತಿದ್ದ ಹೊತ್ತಿಗೇ ಸಂಪರ್ಕ ಕಡಿದಿತ್ತು.

ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಫೋನ್ ಮಾಡಿ, "ಆ ಬಿಟ್ಟಿ ಸಾಫ್ಟ್‌ವೇರ್ ಬಿಡಿ ಅಣ್ಣಾ, ದುಡ್ಡು ಕೊಟ್ಟು ಒಳ್ಳೇದೊಂದು ತಗೊಳ್ಳೋಣ, ವೇಗ ಬರುತ್ತೆ" ಅಂದ. ಅಕ್ಕ ಅಲ್ಲೇ ತಡೆದರು. "ಅದು ಗುಂಪಿನ ದುಡ್ಡು. ಬೀಜ ಮಾರಿ ಬಂದದ್ದು. ಮೊದಲು ಇದು ಯಾಕೆ ನಿಧಾನ ಅಂತ ನೋಡಿ ಹೇಳು." ಆ ಮಾತು ನನಗೆ ತಾಗಿತು. ಹತ್ತು ವರ್ಷದಿಂದ ಸೈಟು ಏರಿಸುತ್ತಿದ್ದೇನೆ. ಯಾವ ಸಾಫ್ಟ್‌ವೇರ್ ಎಷ್ಟು ವೇಗ ಎಂದು ಒಮ್ಮೆಯೂ ಗಡಿಯಾರ ಹಿಡಿದು ನೋಡಿರಲಿಲ್ಲ.

ಅಳತೆ ಮಾಡಿದ ಬಗೆ

ಇಡೀ ಸೈಟನ್ನು ಮತ್ತೆ ಮತ್ತೆ ಏರಿಸುವುದು ಆಗದ ಮಾತು. ಅದರಿಂದ 600 ಫೈಲು ಆರಿಸಿಕೊಂಡೆ: ಫೋಟೋ, ಪಿಎಚ್‌ಪಿ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎಲ್ಲ ಬೆರೆಸಿ ಒಟ್ಟು 45 ಎಂಬಿ. ಸರಾಸರಿ ಒಂದಕ್ಕೆ 75 ಕೆಬಿ. ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ನೇರ ಕೇಬಲ್ ಚುಚ್ಚಿದೆ. ಬೆಳಿಗ್ಗೆ ಆರರಿಂದ ಏಳರೊಳಗೆ, ಮನೆಯಲ್ಲಿ ಬೇರೆ ಯಾರೂ ನೆಟ್ ಬಳಸದ ಹೊತ್ತಿನಲ್ಲಿ, ಪ್ರತಿ ಸಲವೂ ಸರ್ವರಿನಲ್ಲಿ ಹೊಸ ಖಾಲಿ ಫೋಲ್ಡರಿಗೆ ಏರಿಸಿದೆ. ಖಾಲಿ ಫೋಲ್ಡರೇ ಯಾಕೆಂದರೆ, ಹಳೇ ಫೈಲು ಅಲ್ಲಿದ್ದರೆ ಕೆಲವು ಸಾಫ್ಟ್‌ವೇರ್ "ಇದಿದೆ, ಬಿಡು" ಎಂದು ಮುಂದೆ ಹೋಗುತ್ತವೆ, ಅಳತೆಯೇ ಕೆಡುತ್ತದೆ. ಪ್ರತಿಯೊಂದನ್ನೂ ಮೂರು ಸಲ ಮಾಡಿ ನಡುವಿನ ಸಮಯವನ್ನು ಬರೆದುಕೊಂಡೆ.

ಮೊದಲಿಗೆ ಆ 45 ಎಂಬಿಯನ್ನು ಒಂದೇ ಫೈಲು ಮಾಡಿ ಏರಿಸಿದೆ. ಫೈಲ್‌ಜಿಲ್ಲಾದಲ್ಲಿ ಸುಮಾರು 20 ಸೆಕೆಂಡು. ಅದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ವಿನ್‌ಎಸ್‌ಸಿಪಿಯಲ್ಲಿ ಸುಮಾರು 20 ಸೆಕೆಂಡು. ಲಿನಕ್ಸಿನಲ್ಲಿ ಅಂಥದ್ದೇ ಆದ ಎಲ್‌ಎಫ್‌ಟಿಪಿಯಲ್ಲೂ ಅಷ್ಟೇ. ತಂತಿಯ ವೇಗದಿಂದ ಲೆಕ್ಕ ಹಾಕಿದರೆ 18 ಸೆಕೆಂಡು ಬೇಕೇ ಬೇಕು. ಅಂದರೆ ಮೂರೂ ತಂತಿಯನ್ನು ಪೂರ್ತಿ ತುಂಬಿಸುತ್ತಿದ್ದವು. ದೊಡ್ಡ ಫೈಲಿನ ಮಟ್ಟಿಗೆ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರಿಗೂ ಇದಕ್ಕಿಂತ ಹೆಚ್ಚು ಮಾಡಲು ಜಾಗವೇ ಇಲ್ಲ.

ಆಮೇಲೆ ಅದೇ 45 ಎಂಬಿಯನ್ನು 600 ಫೈಲಾಗಿ ಏರಿಸಿದೆ. ಫೈಲ್‌ಜಿಲ್ಲಾಗೆ ಏಳೂವರೆ ನಿಮಿಷ ಬೇಕಾಯಿತು. ವಿನ್‌ಎಸ್‌ಸಿಪಿಗೆ ಒಂಬತ್ತೂವರೆ. 20 ಸೆಕೆಂಡಿನ ಸರಕು ಅದೇ ತಂತಿಯ ಮೇಲೆ ಇಪ್ಪತ್ತು ಪಟ್ಟು ಹೆಚ್ಚು ಸಮಯ ತಿಂದಿತು.

ಒಂದು ಪುಟ್ಟ ಫೋಟೋದ ಪ್ರಯಾಣ

ಫೈಲ್‌ಜಿಲ್ಲಾದ ಮೇಲ್ಭಾಗದಲ್ಲಿ ಸರ್ವರಿನ ಜೊತೆ ನಡೆಯುವ ಮಾತುಕತೆ ಸಾಲುಸಾಲಾಗಿ ಓಡುತ್ತಿರುತ್ತದೆ. ನಾವು ಯಾರೂ ಅದನ್ನು ಓದುವುದಿಲ್ಲ. ಅವತ್ತು ನಾನು ಒಂದೇ ಒಂದು ಫೈಲು ಏರಿಸಿ ಓದಿದೆ: ಗಂಧಸಾಲೆ ತೆನೆಯ ಚಿಕ್ಕ ಚೌಕ ಚಿತ್ರ, 150 ಪಿಕ್ಸೆಲ್, 6 ಕೆಬಿ.

ಮೊದಲು ನನ್ನ ಕಡೆಯಿಂದ "ಪಾಸ್ವ್" ಎಂಬ ಆಜ್ಞೆ ಹೋಯಿತು: ಫೈಲು ಕಳಿಸಲು ಒಂದು ಬಾಗಿಲು ತೆಗೆದುಕೊಡು ಎಂದು. ಸರ್ವರ್ 227 ಎಂಬ ಸಂಖ್ಯೆಯೊಡನೆ ಇಂಥ ಬಾಗಿಲಿಗೆ ಬಾ ಎಂದಿತು. ಮಾತು ಹೋಗಿ ಉತ್ತರ ಬಂದದ್ದು ಒಂದು ಸುತ್ತು. ಆ ಬಾಗಿಲಿಗೆ ಹೊಸ ಸಂಪರ್ಕ, ಇಂಟರ್‌ನೆಟ್ಟಿನ ಭಾಷೆಯಲ್ಲಿ ಟಿಸಿಪಿ ಸಂಪರ್ಕ, ಕಟ್ಟಬೇಕು. ಇನ್ನೊಂದು ಸುತ್ತು. "ಸ್ಟೋರ್" ಎಂದು ಫೈಲಿನ ಹೆಸರು ಹೇಳಿ 150 ಎಂಬ ಉತ್ತರಕ್ಕೆ ಕಾಯಬೇಕು. ಮೂರನೆಯದು. ನಾನು ಬಳಸುತ್ತಿದ್ದದ್ದು ಎಫ್‌ಟಿಪಿಎಸ್, ಅಂದರೆ ಫೈಲು ಸಾಗಿಸುವ ಹಳೆಯ ಕ್ರಮವಾದ ಎಫ್‌ಟಿಪಿಗೆ ಗೂಢಲಿಪಿಯ ಹೊದಿಕೆ. ಹಾಗಾಗಿ ಆ ಹೊಸ ಸಂಪರ್ಕಕ್ಕೆ ಗೂಢಲಿಪಿಯ ಕೈಕುಲುಕುವಿಕೆಯೂ ಆಗಬೇಕು. ನಾಲ್ಕು. ಆಮೇಲೆ ಆರು ಕೆಬಿ ಹೊರಟು, "ಮುಟ್ಟಿತು" ಎನ್ನುವ 226 ವಾಪಸು ಬರಬೇಕು. ಐದು. ಅಲ್ಲಿಗೆ ಆ ಸಂಪರ್ಕ ಮುಚ್ಚಿಹೋಗುತ್ತದೆ. ಮುಂದಿನ ಫೈಲಿಗೆ ಮತ್ತೆ "ಪಾಸ್ವ್"ನಿಂದ ಶುರು.

ಹೊಸ ಟಿಸಿಪಿ ಸಂಪರ್ಕ ಒಂದೇ ಸಲ ಪೂರ್ತಿ ವೇಗಕ್ಕೆ ಏರುವುದೂ ಇಲ್ಲ. ಈಗಿನ ರೂಢಿಯಂತೆ ಮೊದಲ ಕಂತಿನಲ್ಲಿ ಹತ್ತು ಪ್ಯಾಕೆಟ್, ಹೆಚ್ಚುಕಡಿಮೆ 14 ಕೆಬಿ ಮಾತ್ರ ಕಳಿಸುತ್ತದೆ. ಅದಕ್ಕೆ ಉತ್ತರ ಬಂದ ಮೇಲೆ ಇಮ್ಮಡಿ, ಆಮೇಲೆ ಅದರ ಇಮ್ಮಡಿ. 75 ಕೆಬಿಯ ಫೈಲಿಗೆ ಇದರಿಂದಲೇ ಇನ್ನೆರಡು ಸುತ್ತು ಸೇರುತ್ತದೆ. ಸಂಪರ್ಕ ವೇಗ ಹಿಡಿಯುವಷ್ಟರಲ್ಲಿ ಫೈಲು ಮುಗಿದಿರುತ್ತದೆ. ಹಿಡಿದ ವೇಗವನ್ನು ಅಲ್ಲೇ ಬಿಟ್ಟು ಮುಂದಿನ ಫೈಲಿಗೆ ಮತ್ತೆ ಮೊದಲಿಂದ ಹತ್ತಬೇಕು.

ಒಂದು ಸುತ್ತಿಗೆ ಎಷ್ಟು ಹೊತ್ತು? ನಮ್ಮ ಸರ್ವರ್ ಅಮೆರಿಕದ ಪೂರ್ವ ಕರಾವಳಿಯಲ್ಲಿತ್ತು. ಇಲ್ಲಿಂದ ನೇರ ಗೆರೆ ಎಳೆದರೂ 13 ಸಾವಿರ ಕಿಲೋಮೀಟರ್ ದಾಟುತ್ತದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಕಡಿಮೆಯೆಂದರೂ 130 ಮಿಲಿಸೆಕೆಂಡು. ಸಮುದ್ರದಡಿಯ ಕೇಬಲ್ಲು ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ಹಲವು ರೂಟರುಗಳಿವೆ. ಹೀಗೆ ಹೋಗಿಬರುವ ಹೊತ್ತನ್ನು ಅಳೆಯುವ ಪಿಂಗ್ ಆಜ್ಞೆ ನನಗೆ ತೋರಿಸಿದ್ದು 240 ಮಿಲಿಸೆಕೆಂಡು.

ಫೈಲಿಗೆ ಸರಾಸರಿ ಆರು ಸುತ್ತು ಅಂತಿಟ್ಟುಕೊಳ್ಳಿ. 600 ಫೈಲು, ಆರು ಸುತ್ತು, ಸುತ್ತಿಗೆ 0.24 ಸೆಕೆಂಡು: 864 ಸೆಕೆಂಡು, ಅಂದರೆ ಹದಿನಾಲ್ಕು ನಿಮಿಷದ ಮೇಲೆ. ಫೈಲ್‌ಜಿಲ್ಲಾ ತಾನಾಗಿ ಎರಡು ಫೈಲುಗಳನ್ನು ಒಟ್ಟಿಗೆ ಕಳಿಸುತ್ತದೆ. ಅರ್ಧ ಮಾಡಿದರೆ ಏಳು ನಿಮಿಷ ಚಿಲ್ಲರೆ. ಗಡಿಯಾರ ಹೇಳಿದ್ದೂ ಅದನ್ನೇ.

ಅಕ್ಕನಿಗೆ ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿದೆ. ಅವರು ಕ್ಷಣ ಹೊತ್ತು ನೋಡಿ, "ಗದ್ದೆಯಿಂದ ಕಣಕ್ಕೆ ಒಂದೊಂದೇ ಸಿವುಡು ಹೊತ್ತುಕೊಂಡು ಓಡಾಡಿದ ಹಾಗಾಯ್ತಲ್ಲೋ. ಹೊರೆ ಕಟ್ಟಬೇಕಪ್ಪ" ಅಂದರು. ನನಗಿಂತ ಮೊದಲೇ ಅವರು ಪರಿಹಾರ ಹೇಳಿಬಿಟ್ಟಿದ್ದರು.

ಫೈಲುಗಳ ಲೆಕ್ಕ ಇಷ್ಟು ಬೆಳೆದದ್ದು ಹೇಗೆ ಅನ್ನುವುದನ್ನೂ ಹೇಳಬೇಕು. ವರ್ಡ್‌ಪ್ರೆಸ್ ಒಂದು ಫೋಟೋ ಸಿಕ್ಕಿದರೆ ಅದರ ಚಿಕ್ಕ ಪ್ರತಿಗಳನ್ನು ತಾನೇ ಮಾಡಿಡುತ್ತದೆ: 150, 300, 768, 1024, 1536 ಪಿಕ್ಸೆಲ್ಲಿಗೆ ಒಂದೊಂದು. ಮೂಲವೂ ಸೇರಿ ನಮ್ಮ ಪ್ರತಿ ಫೋಟೋಕ್ಕೆ ಆರು ಫೈಲು. 1,300 ಫೋಟೋ 7,800 ಫೈಲಾಯಿತು. ವರ್ಡ್‌ಪ್ರೆಸ್‌ನದ್ದೇ ಸಾವಿರಾರು, ಅದರ ಮೇಲೆ ಥೀಮು, ಪ್ಲಗಿನ್ನು. ಒಟ್ಟು ಸುಮಾರು 13 ಸಾವಿರ. ಆ ರಾತ್ರಿ ನಾನು ಅಂದುಕೊಂಡ ಏಳು ನಿಮಿಷ ಎರಡೂವರೆ ಗಂಟೆ ಮೀರುವುದು ಖಂಡಿತವೇ ಇತ್ತು; ಲೆಕ್ಕ ಹಾಕದೆ ಕೂತಿದ್ದೆ.

ಗೆದ್ದದ್ದು ಯಾವುದು?

ಏಳೂವರೆಗೂ ಒಂಬತ್ತೂವರೆಗೂ ಹೋಲಿಸಿ "ವಿನ್‌ಎಸ್‌ಸಿಪಿಗಿಂತ ಫೈಲ್‌ಜಿಲ್ಲಾ ವೇಗ" ಎಂದು ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳಿದ್ದರೆ ತಪ್ಪು ಹೇಳಿದಂತಾಗುತ್ತಿತ್ತು. ಫೈಲ್‌ಜಿಲ್ಲಾ ಎರಡು ಕೈಯಲ್ಲಿ ಹೊರುತ್ತಿತ್ತು, ವಿನ್‌ಎಸ್‌ಸಿಪಿ ಒಂದು ಕೈಯಲ್ಲಿ. ಸೆಟ್ಟಿಂಗಿನಲ್ಲಿ ಫೈಲ್‌ಜಿಲ್ಲಾವನ್ನೂ ಒಂದಕ್ಕೆ ಇಳಿಸಿ ಮತ್ತೆ ಅಳೆದೆ. ಹದಿನಾಲ್ಕು ನಿಮಿಷ ದಾಟಿತು. ಸಮಸಮ ನಿಲ್ಲಿಸಿದಾಗ ವಿನ್‌ಎಸ್‌ಸಿಪಿಯೇ ಮುಂದಿತ್ತು.

ಅದಕ್ಕೂ ಕಾರಣ ಸಾಫ್ಟ್‌ವೇರಿನ ಜಾಣತನವಲ್ಲ, ಅವೆರಡೂ ಆಡುವ ಭಾಷೆ ಬೇರೆ. ವಿನ್‌ಎಸ್‌ಸಿಪಿಯಲ್ಲಿ ನಾನು ಬಳಸಿದ್ದು ಎಸ್‌ಎಫ್‌ಟಿಪಿ. ಹೆಸರಿನಲ್ಲಿ ಎಫ್‌ಟಿಪಿ ಇದ್ದರೂ ಇದು ಅದರ ವಂಶದ್ದಲ್ಲ. ದೂರದ ಕಂಪ್ಯೂಟರಿಗೆ ಗೂಢಲಿಪಿಯಲ್ಲಿ ಸಂಪರ್ಕ ಕಟ್ಟಲು 1995ರಲ್ಲಿ ಫಿನ್ಲೆಂಡಿನ ತತು ಯ್ಲೋನೆನ್ ಬರೆದ ಎಸ್‌ಎಸ್‌ಎಚ್ ಇದೆಯಲ್ಲ, ಅದರೊಳಗೆ ಹರಿಯುವಂಥದ್ದು. ಒಂದು ಸಲ ಕಟ್ಟಿದ ಸಂಪರ್ಕ ಕೊನೆತನಕ ಹಾಗೇ ಇರುತ್ತದೆ. ಪ್ರತಿ ಫೈಲಿಗೆ ತೆರೆ, ಬರೆ, ಮುಚ್ಚು, ತಾರೀಕು ಹಾಕು ಎಂಬ ನಾಲ್ಕು ಮಾತು ಸಾಕು. ಏರಿದ ವೇಗವೂ ಫೈಲಿನಿಂದ ಫೈಲಿಗೆ ಉಳಿಯುತ್ತದೆ.

ಎಸ್‌ಎಫ್‌ಟಿಪಿ ನಿಧಾನ, ಗೂಢಲಿಪಿಯ ಕೆಲಸ ಹೆಚ್ಚು, ವೇಗ ಬೇಕಾದರೆ ಬರಿಯ ಎಫ್‌ಟಿಪಿ ಬಳಸಿ ಎಂದು ನನಗೆ ಕೆಲಸ ಕಲಿಸಿದವರೂ ಹೇಳುತ್ತಿದ್ದರು. ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ಇವತ್ತಿನ ಪ್ರೊಸೆಸರುಗಳಲ್ಲಿ ಎಇಎಸ್ ಗೂಢಲಿಪಿಗೆಂದೇ ಪ್ರತ್ಯೇಕ ಸೌಲಭ್ಯವಿದೆ. ಸೆಕೆಂಡಿಗೆ ಎರಡೂವರೆ ಎಂಬಿ ಅದಕ್ಕೆ ಏನೇನೂ ಅಲ್ಲ. ಬರಿಯ ಎಫ್‌ಟಿಪಿಯಲ್ಲಿ ನಿಮ್ಮ ಪಾಸ್‌ವರ್ಡು ಬಿಚ್ಚಿಟ್ಟ ಕಾಗದದ ಹಾಗೆ ದಾರಿಯುದ್ದಕ್ಕೂ ಹೋಗುತ್ತದೆ. ಒಂದೆರಡು ಸುತ್ತು ಉಳಿಸಲು ಆ ಅಪಾಯ ಬೇಡ, ದಯವಿಟ್ಟು ಬೇಡ.

ಎಫ್‌ಟಿಪಿಯನ್ನು ಹಳಿಯುವುದಕ್ಕೂ ನನಗೆ ಮನಸ್ಸಿಲ್ಲ. ಅದರ ಮೊದಲ ಕರಡು, ಇಂಟರ್‌ನೆಟ್ಟಿನ ಕ್ರಮಗಳನ್ನು ಬರೆದಿಡುವ ದಾಖಲೆಗಳ ಸಾಲಿನ ಆರ್‌ಎಫ್‌ಸಿ 114, ಹೊರಬಂದದ್ದು 1971ರ ಏಪ್ರಿಲ್‌ನಲ್ಲಿ. ಬರೆದವರು ಅಭಯ್ ಭೂಷಣ್, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋದವರು. ಇವತ್ತಿಗೂ ಆಧಾರವಾಗಿರುವ ಆರ್‌ಎಫ್‌ಸಿ 959 ಬಂದದ್ದು 1985ರಲ್ಲಿ. ವರ್ಲ್ಡ್ ವೈಡ್ ವೆಬ್ ಹುಟ್ಟುವ ಮೊದಲು. ಒಂದು ಪುಟಕ್ಕೆ ನೂರಾರು ಚೂರು ಫೈಲು ಬೇಕಾಗುವ ಕಾಲವನ್ನು ಆಗ ಯಾರು ಎಣಿಸಿದ್ದರು?

ಕೈಗಳನ್ನು ಹೆಚ್ಚಿಸಿದರೆ

ಫೈಲ್‌ಜಿಲ್ಲಾದಲ್ಲಿ ಒಟ್ಟಿಗೆ ಹತ್ತು ಫೈಲಿನವರೆಗೆ ಕಳಿಸಬಹುದು. ಎಂಟಕ್ಕೆ ಏರಿಸಿದೆ. 600 ಫೈಲು ಎರಡು ನಿಮಿಷದೊಳಗೆ ಮುಗಿಯಿತು. ಲಿನಕ್ಸಿನಲ್ಲಿ ಎಲ್‌ಎಫ್‌ಟಿಪಿಯ ಮಿರರ್ ಆಜ್ಞೆಗೆ ಎಂಟು ಸಮಾನಾಂತರ ಎಂದು ಹೇಳಿದಾಗಲೂ ಅಷ್ಟೇ ಸಮಯ. ಹೆಸರು ಬೇರೆ, ಕೈಗಳ ಲೆಕ್ಕ ಒಂದೇ, ಫಲ ಒಂದೇ.

ಹತ್ತಕ್ಕೆ ಏರಿಸಿದಾಗ ಕೆಂಪು ಸಾಲುಗಳು ಬಂದವು: 421, ಸಂಪರ್ಕ ಹೆಚ್ಚಾಯಿತು. ಒಂದು ವಿಳಾಸದಿಂದ ಇಷ್ಟೇ ಸಂಪರ್ಕ ಎಂದು ಹಲವು ಸೈಟುಗಳು ಒಂದೇ ಸರ್ವರ್ ಹಂಚಿಕೊಳ್ಳುವ ಹೋಸ್ಟಿಂಗಿನಲ್ಲಿ ಮಿತಿ ಇಟ್ಟಿರುತ್ತಾರೆ, ಇಡುವುದು ನ್ಯಾಯವೂ ಹೌದು. ಕೆಲವು ಫೈಲುಗಳು ಸೋತವುಗಳ ಪಟ್ಟಿಗೆ ಬಿದ್ದವು. ಆ ಪಟ್ಟಿ ಕೆಳಗೆ ಬೇರೊಂದು ಟ್ಯಾಬಿನಲ್ಲಿರುತ್ತದೆ. ನೋಡದಿದ್ದರೆ ಎಲ್ಲ ಮುಗಿಯಿತು ಎಂದೇ ಅನ್ನಿಸುತ್ತದೆ. ಸಮಯ ಹೋಲಿಸುವವರು ಕೊನೆಗೆ ಅಲ್ಲಿ ಎಷ್ಟು ಫೈಲು ತಲುಪಿದವು ಎಂದೂ ಎಣಿಸಬೇಕು. ನಾನು ಎರಡನೆಯ ದಿನದಿಂದ ಎಣಿಸತೊಡಗಿದೆ, ಮೊದಲ ದಿನದ ಅಂಕಿಗಳನ್ನು ಹರಿದು ಹಾಕಿ ಮತ್ತೆ ಅಳೆದೆ.

ಹೊರೆ ಕಟ್ಟಿದರೆ

600 ಫೈಲನ್ನೂ ಜಿಪ್ ಮಾಡಿ ಏರಿಸಿ, ಹೋಸ್ಟಿಂಗ್ ನೋಡಿಕೊಳ್ಳುವ ಸಿಪ್ಯಾನೆಲ್ಲಿನ ಫೈಲ್ ಮ್ಯಾನೇಜರಿನಲ್ಲಿ ಅಲ್ಲೇ ಬಿಚ್ಚಿದೆ. ಜೇಪೆಗ್ ಚಿತ್ರಗಳು ಮೊದಲೇ ಕುಗ್ಗಿರುವುದರಿಂದ ಗಾತ್ರ ಹೆಚ್ಚೇನೂ ಇಳಿಯಲಿಲ್ಲ. ಆದರೂ ಏರಿಸಿ ಬಿಚ್ಚುವುದಕ್ಕೆ ಅರ್ಧ ನಿಮಿಷ ಸಾಕಾಯಿತು. ಹದಿನಾಲ್ಕು ನಿಮಿಷವೆಲ್ಲಿ, ಅರ್ಧ ನಿಮಿಷವೆಲ್ಲಿ!

ಖುಷಿಯಿಂದ ಪುಟ ತೆರೆದರೆ ಕೆಲವು ಫೋಟೋ ಕಾಣೆ. ಗುಂಪಿನವರು ಎಷ್ಟೋ ಫೈಲುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದರು: ರಾಜಮುಡಿ ತೆನೆ, ರತ್ನಚೂಡಿ ಕಾಳು ಎಂದು. ಅವೆಲ್ಲ ಸರ್ವರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿದ್ದವು. ಜಿಪ್ ಒಳಗೆ ಪ್ರತಿ ಹೆಸರಿನ ಪಕ್ಕ "ಇದು ಯೂನಿಕೋಡ್" ಎಂದು ಗುರುತಿಸುವ ಒಂದು ಬಿಟ್ ಇದೆ. ನನ್ನ ಹಳೆಯ ಜಿಪ್ ಉಪಕರಣ ಅದನ್ನು ಹಾಕಿರಲಿಲ್ಲ. ಹೆಸರನ್ನೆಲ್ಲ ಇಂಗ್ಲಿಷಿಗೆ ಬದಲಿಸಿಬಿಡಿ ಎಂದು ಅಕ್ಕನ ಮಗ ಹೇಳಿದ. ನನಗೆ ಒಪ್ಪಿಗೆಯಾಗಲಿಲ್ಲ. ಗದ್ದೆಯಲ್ಲಿ ನಿಂತು ಫೋಟೋ ತೆಗೆದವರು ತಮ್ಮ ಬಾಯಲ್ಲಿರುವ ಹೆಸರನ್ನೇ ಬರೆದಿದ್ದಾರೆ. ಉಪಕರಣ ಬದಲಿಸುವುದು ನನ್ನ ಕೆಲಸ. ಹೊಸ ಉಪಕರಣದಲ್ಲಿ ಮತ್ತೆ ಕಟ್ಟಿದಾಗ ಹೆಸರುಗಳು ಸರಿಯಾಗಿ ಬಂದವು.

ಆದರೆ ಜಿಪ್ ಮೊದಲ ಸಲದ ಮದ್ದು ಮಾತ್ರ. ವಾರಕ್ಕೆ ಹತ್ತು ಹನ್ನೆರಡು ಫೋಟೋ ಸೇರುವಾಗ ಏನು ಬದಲಾಗಿದೆ ಎಂದು ನಾವೇ ಹುಡುಕಿ ಕಟ್ಟಬೇಕು. ಅದಕ್ಕೆ ಇರುವುದು ಆರ್‌ಸಿಂಕ್. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ 1996ರಲ್ಲಿ ಬಿಡುಗಡೆ ಮಾಡಿದ್ದು. ಫೈಲಿನ ಗಾತ್ರ ಮತ್ತು ತಾರೀಕು ಎರಡೂ ಕಡೆ ಒಂದೇ ಇದ್ದರೆ ಮುಟ್ಟುವುದಿಲ್ಲ. ಬದಲಾದ ದೊಡ್ಡ ಫೈಲಿನಲ್ಲಿ ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದೆ. ಇದರ ಖ್ಯಾತಿ ಈ ಉಳಿತಾಯಕ್ಕೆ. ನಮ್ಮ ಪ್ರಕರಣದಲ್ಲಿ ನನಗೆ ಬೆರಗು ಹುಟ್ಟಿಸಿದ್ದು ಮಾತ್ರ ಬೇರೆ: ಅದು ಒಂದೊಂದು ಫೈಲಿಗೂ ಉತ್ತರ ಕಾಯುವುದಿಲ್ಲ. ಪಟ್ಟಿ ಕಳಿಸಿ, ಒಂದೇ ಎಸ್‌ಎಸ್‌ಎಚ್ ಸಂಪರ್ಕದಲ್ಲಿ ಫೈಲುಗಳನ್ನು ಒಂದರ ಹಿಂದೊಂದು ನೀರಿನಂತೆ ಹರಿಸುತ್ತದೆ. ಖಾಲಿ ಫೋಲ್ಡರಿಗೆ 600 ಫೈಲು ಏರಿಸಲು ತೆಗೆದುಕೊಂಡದ್ದು 25 ಸೆಕೆಂಡಿನೊಳಗೆ. ಹೊರೆ ಕಟ್ಟದೆಯೇ ಹೊರೆಯ ವೇಗ.

ಇದಕ್ಕೆ ಸರ್ವರಿನಲ್ಲಿ ಎಸ್‌ಎಸ್‌ಎಚ್ ಪ್ರವೇಶ ಬೇಕು, ಅಲ್ಲೂ ಆರ್‌ಸಿಂಕ್ ಇರಬೇಕು. ಅಗ್ಗದ ಹೋಸ್ಟಿಂಗಿನಲ್ಲಿ ಎಷ್ಟೋ ಕಡೆ ಕೇಳಿ ಪಡೆಯಬೇಕಾಗುತ್ತದೆ. ಇನ್ನೊಂದು ಎಚ್ಚರ: ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಹಾಕಿದರೆ ಒಳಗಿನದ್ದು ಮಾತ್ರ ಹೋಗುತ್ತದೆ, ಹಾಕದಿದ್ದರೆ ಫೋಲ್ಡರೇ ಹೋಗಿ ಅಲ್ಲಿ ಫೋಲ್ಡರಿನೊಳಗೆ ಫೋಲ್ಡರು ಕೂರುತ್ತದೆ. ಮೊದಲು ಏನನ್ನೂ ಕಳಿಸದ ಒಣ ಓಟ ಮಾಡಿ, ಏನೇನು ಹೋಗಲಿದೆ ಎಂಬ ಪಟ್ಟಿ ಓದಿಯೇ ನಿಜವಾಗಿ ಓಡಿಸಬೇಕು. ಮೂಲದಲ್ಲಿಲ್ಲದೆ ಸರ್ವರಿನಲ್ಲಿ ಮಾತ್ರ ಇರುವ ಫೈಲು ಅಳಿಸುವ ಆಯ್ಕೆ ಸೇರಿಸುವಾಗಲಂತೂ ಇದನ್ನು ತಪ್ಪಿಸಲೇಬಾರದು.

ದೂರ

ಕೊನೆಯ ಅಳತೆಯನ್ನು ನಾನು ಮೊದಲೇ ಮಾಡಬೇಕಿತ್ತು. ಒಂದು ತಿಂಗಳ ಮಟ್ಟಿಗೆ ಮುಂಬೈಯಲ್ಲಿ ಸಣ್ಣ ಸರ್ವರ್ ತೆಗೆದುಕೊಂಡು ಅದಕ್ಕೆ ಅದೇ 600 ಫೈಲು ಏರಿಸಿದೆ. ಪಿಂಗ್ 35 ಮಿಲಿಸೆಕೆಂಡು. ಫೈಲ್‌ಜಿಲ್ಲಾದಲ್ಲಿ ಸೆಟ್ಟಿಂಗು ಮುಟ್ಟದೆ, ಆ ಮಳೆ ರಾತ್ರಿ ಇದ್ದ ಹಾಗೇ, ಎಫ್‌ಟಿಪಿಎಸ್‌ನಲ್ಲೇ, ಎರಡೇ ಕೈಯಲ್ಲಿ: ಒಂದು ನಿಮಿಷ ಚಿಲ್ಲರೆ. ಏಳೂವರೆ ನಿಮಿಷ ಇಲ್ಲಿಗೆ ಇಳಿಯಿತು. ಸಾಫ್ಟ್‌ವೇರ್ ಬದಲಾಗಿಲ್ಲ, ತಂತಿ ಬದಲಾಗಿಲ್ಲ.

ಆಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಸೈಟು ನೋಡೋರು ಶಿವಮೊಗ್ಗ, ಉತ್ತರ ಕನ್ನಡ, ಮಂಡ್ಯದ ರೈತರು. ಅದು ಅಮೆರಿಕದಲ್ಲಿ ಯಾಕಿದೆ?" ಹಳೆಯ ಹೋಸ್ಟಿಂಗ್ ಕೊಂಡವನು ನಾನೇ. ಕೊಳ್ಳುವಾಗ ಬೆಲೆ ನೋಡಿದ್ದೆ, ಸರ್ವರ್ ಎಲ್ಲಿದೆ ಎಂದು ನೋಡಿರಲಿಲ್ಲ. ಫೋಟೋ ಏರಿಸುವ ನನಗೆ ತಡವಾಗುತ್ತಿದ್ದ ಅದೇ ಕಾರಣಕ್ಕೆ, ಗದ್ದೆ ಬದುವಿನಲ್ಲಿ ನಿಂತು ಫೋನಿನಲ್ಲಿ ತಳಿಯ ಪುಟ ತೆರೆಯುವವರಿಗೂ ಇಷ್ಟು ದಿನ ತಡವಾಗುತ್ತಿತ್ತು.

ಸಾಫ್ಟ್‌ವೇರಿಗೆಂದು ತೆಗೆದಿಡಬೇಕೆಂದಿದ್ದ ಹಣ ಮುಂಬೈ ಸರ್ವರಿನ ಬಾಡಿಗೆಗೆ ಹೋಯಿತು. ಡೇಟಾಬೇಸನ್ನು ಬೇರೆಯಾಗಿ ಸಾಗಿಸಿದೆ. 13 ಸಾವಿರ ಫೈಲನ್ನು ಆರ್‌ಸಿಂಕ್ ಒಂದೇ ಬೆಳಿಗ್ಗೆ, ಕಾಫಿ ಆರುವುದರೊಳಗೆ ದಾಟಿಸಿತು. ನಡುವೆ ನಾನೇ ಬೇಕೆಂದು ಒಮ್ಮೆ ಕೇಬಲ್ ಕಿತ್ತೆ, ಕರೆಂಟು ಹೋದರೆ ಏನಾಗುತ್ತದೆ ನೋಡಬೇಕಿತ್ತು. ಮತ್ತೆ ಓಡಿಸಿದಾಗ ನಿಂತಲ್ಲಿಂದ ಮುಂದುವರಿಯಿತು. ಸೊನ್ನೆ ಗಾತ್ರದ ಫೈಲು ಹುಡುಕಿದೆ, ಒಂದೂ ಇರಲಿಲ್ಲ. ಅದು ಫೈಲನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆಯೇ ನಿಜವಾದ ಹೆಸರಿಗೆ ಬದಲಿಸುತ್ತದೆ.

ಗುಂಪಿನಲ್ಲಿ ಇನ್ನಿಬ್ಬರು ವಿಂಡೋಸ್ ಬಳಸುತ್ತಾರೆ, ಅವರಿಗೆ ಕಪ್ಪು ಪರದೆಯ ಆಜ್ಞೆಗಳ ಅಭ್ಯಾಸವಿಲ್ಲ. ಅವರ ಕಂಪ್ಯೂಟರಿನಲ್ಲಿ ಫೈಲ್‌ಜಿಲ್ಲಾವನ್ನೇ ಉಳಿಸಿದ್ದೇನೆ. ಎಸ್‌ಎಫ್‌ಟಿಪಿಗೆ ಬದಲಿಸಿ, ಒಟ್ಟಿಗೆ ಹೋಗುವ ಫೈಲಿನ ಲೆಕ್ಕ ಆರಕ್ಕೆ ಇಟ್ಟು, ಗಾತ್ರ ಬೇರೆಯಿದ್ದರೆ ಅಥವಾ ಮೂಲ ಹೊಸದಿದ್ದರೆ ಮಾತ್ರ ಮೇಲೆ ಬರೆ ಎಂಬ ಆಯ್ಕೆ ಹಾಕಿಕೊಟ್ಟಿದ್ದೇನೆ. ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿದೆ: "ಮುಗಿದ ಮೇಲೆ ಸೋತ ಫೈಲುಗಳ ಟ್ಯಾಬ್ ನೋಡಿ."

ಹೋದ ವಾರ ಹೊಸ ಸುಗ್ಗಿಯ ಹನ್ನೆರಡು ಫೋಟೋ ಬಂದವು. ಎಪ್ಪತ್ತೆರಡು ಫೈಲು. ಏರಿಸಿ ಅಕ್ಕನಿಗೆ ಫೋನ್ ಮಾಡಿದೆ. ಅವರು ಆಗಲೇ ಪುಟ ತೆರೆದು ನೋಡುತ್ತಿದ್ದರು. "ಎರಡನೇ ಫೋಟೋ ರತ್ನಚೂಡಿ ಅಲ್ಲ ತಮ್ಮಾ, ಹೆಸರು ತಪ್ಪಾಗಿದೆ, ತಿದ್ದು" ಅಂದರು. ತಿದ್ದಿ ಮತ್ತೆ ಏರಿಸಿದೆ.